ಚಳಿಗಾಲದಲ್ಲಿ ಅಂಗಳದಲ್ಲೇ ಕಾರು ತೊಳೆಯುವುದು: ಮಲೆನಾಡಿನವರಿಗೊಂದು ಮಾರ್ಗದರ್ಶಿ

ಡಿಸೆಂಬರ್, ಜನವರಿ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯ ಯಾವ ಮನೆ ಅಂಗಳಕ್ಕೆ ಹೋದರೂ ಬೆಳಿಗ್ಗೆ ಕಾಣುವುದು ಒಂದೇ. ಕಾರಿನ ಮೈಮೇಲೆ ರಾತ್ರಿಯಿಡೀ ಬಿದ್ದ ಇಬ್ಬನಿ, ಅದರಡಿ ವಾರದ ಕೆಂಪು ಧೂಳು. ಮನೆ ಯಜಮಾನರು ಹೆಗಲ ಮೇಲಿನ ಬೈರಾಸ ತೆಗೆದು ಗಾಜು, ಬಾನೆಟ್, ಬಾಗಿಲು ಎಲ್ಲವನ್ನೂ ಸರಸರ ಒರೆಸಿ, ‘ನೀರು ಹಾಕೋದೇ ಬೇಡ ಮಾರಾಯ, ಇಬ್ಬನಿಯೇ ತೊಳೆದು ಕೊಟ್ಟಿದೆ’ ಅಂತ ಪೇಟೆಗೆ ಹೊರಟುಬಿಡುತ್ತಾರೆ. ಕಾರಿನ ಬಣ್ಣ ಹಾಳಾಗುವುದು ಹೀಗೆ. ಮಳೆಯಿಂದಲ್ಲ, ಬಿಸಿಲಿಂದಲೂ ಅಲ್ಲ, ಈ ಬೈರಾಸದಿಂದ.

ನಮ್ಮ ಕಡೆಯ ಧೂಳು ಬರೀ ಧೂಳಲ್ಲ. ಜಂಬಿಟ್ಟಿಗೆ ಮಣ್ಣಿನ ಪುಡಿ. ಅದರಲ್ಲಿ ಕಬ್ಬಿಣದ ಅಂಶದ ಜೊತೆ ಸಣ್ಣ ಸಣ್ಣ ಗಟ್ಟಿ ಮರಳುಕಣ ಇರುತ್ತವೆ. ಇಬ್ಬನಿ ಬಿದ್ದಾಗ ಇದು ತೊಳೆದು ಹೋಗುವಷ್ಟು ನೀರಾಗುವುದಿಲ್ಲ, ಅಂಟಿಕೊಳ್ಳುವಷ್ಟು ರಾಡಿಯಾಗುತ್ತದೆ. ಅದರ ಮೇಲೆ ಬಟ್ಟೆ ಎಳೆದರೆ ಮರಳುಕಾಗದ ಎಳೆದ ಹಾಗೆ. ಅನುಮಾನ ಇದ್ದರೆ ಎರಡು ಮೂರು ವರ್ಷ ಹೀಗೆ ಒರೆಸಿಕೊಂಡ ಕಪ್ಪು ಕಾರೊಂದನ್ನು ಸಂಜೆಯ ಓರೆ ಬಿಸಿಲಲ್ಲಿ ನೋಡಿ. ಬಾನೆಟ್ ತುಂಬ ಜೇಡನ ಬಲೆ ನೇಯ್ದಂತೆ ಸುತ್ತು ಗೆರೆಗಳು ಕಾಣುತ್ತವೆ. ಬಿಳಿ ಕಾರಿನಲ್ಲೂ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ತಮಾಷೆಯೆಂದರೆ, ಬಟ್ಟೆ ಹಾಕಿದರೆ ಕೇಡು ಮಾಡುವ ಅದೇ ಇಬ್ಬನಿ, ಅದರ ಮೇಲೆ ನೀರು ಹೊಯ್ದರೆ, ಉಪಕಾರ ಮಾಡುತ್ತದೆ. ಧೂಳು ರಾತ್ರಿಯೇ ನೆನೆದು ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ಎರಡು ಬಕೆಟ್ ನೀರಿಗೂ ಜಗ್ಗದ ಕೊಳೆ ಚಳಿಗಾಲದಲ್ಲಿ ಒಂದೇ ಬಕೆಟ್‌ಗೆ ಇಳಿದು ಹೋಗುತ್ತದೆ. ಇದನ್ನು ಉಪಯೋಗಿಸಿಕೊಳ್ಳುವುದೇ ಇಲ್ಲಿನ ಚಳಿಗಾಲದ ಕಾರು ತೊಳೆಯುವಿಕೆಯ ಮರ್ಮ. ಮಿಕ್ಕ ಹೆಜ್ಜೆಗಳೆಲ್ಲ ಇದಕ್ಕೆ ಹೊಂದಿಕೊಂಡು ಬರುತ್ತವೆ.

ಯಾವ ಹೊತ್ತಿಗೆ ಶುರು ಮಾಡಬೇಕು

ಶಿವಮೊಗ್ಗದಲ್ಲಿ ಜನವರಿಯ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸು ಇರುತ್ತದೆ, ಘಟ್ಟದ ಅಂಚಿನ ಊರುಗಳಲ್ಲಿ ಅದಕ್ಕಿಂತ ಒಂದೆರಡು ಡಿಗ್ರಿ ಕಮ್ಮಿ. ಮಧ್ಯಾಹ್ನ ಅದೇ ಜಾಗ 30ರ ಹತ್ತಿರ ಹೋಗುತ್ತದೆ. ಅಂದರೆ ಆರು ಗಂಟೆಗೆ ಎದ್ದು ಪೈಪ್ ಹಿಡಿಯುವುದೂ ಬೇಡ, ಊಟ ಮುಗಿಸಿ ಶುರು ಮಾಡುವುದೂ ಬೇಡ. ಅಂಗಳಕ್ಕೆ ಎಳೆಬಿಸಿಲು ಬಿದ್ದಿರಬೇಕು, ಕಾರಿನ ಮೇಲಿನ ಇಬ್ಬನಿ ಇನ್ನೂ ಆರಿರಬಾರದು. ಬಯಲಿನ ಮನೆಗಳಲ್ಲಿ ಇದು ಎಂಟೂವರೆಗೇ ಸಿಗುತ್ತದೆ. ತೋಟದ ಮಗ್ಗುಲಿನ, ಗುಡ್ಡದ ಬುಡದ ಮನೆಗಳಲ್ಲಿ ಬಿಸಿಲು ಬರುವುದೇ ಒಂಬತ್ತೂವರೆಗೆ; ಅಲ್ಲಿಯವರು ತಿಂಡಿ ಮುಗಿಸಿಕೊಂಡೇ ಬರಬಹುದು.

ಮಧ್ಯಾಹ್ನ ಬೇಡ ಅನ್ನುವುದು ಯಾಕೆಂದರೆ, ಬಾನೆಟ್ ಕಾದಿರುವಾಗ ಶಾಂಪೂ ನೊರೆ ತೊಳೆಯುವ ಮೊದಲೇ ಒಣಗಿ ಕಲೆ ಕಟ್ಟುತ್ತದೆ. ಸಂಜೆ ಬೇಡ ಅನ್ನಲು ಇನ್ನೂ ಗಟ್ಟಿ ಕಾರಣವಿದೆ. ಐದು ಗಂಟೆಗೆ ತೊಳೆದ ಕಾರಿನ ಬಾಗಿಲ ಸಂದಿ, ರಬ್ಬರ್ ಬೀಡಿಂಗ್, ಡಿಕ್ಕಿಯ ಅಂಚು ಯಾವುದೂ ಒಣಗುವಷ್ಟರಲ್ಲಿ ಮತ್ತೆ ಇಬ್ಬನಿ ಇಳಿಯಲು ಶುರುವಾಗಿರುತ್ತದೆ. ಆ ನೀರು ರಾತ್ರಿ ಪೂರ್ತಿ ಕೂತಿರುತ್ತದೆ. ತುಕ್ಕು ಹಿಡಿಯಲು ಇಷ್ಟು ಸಾಕು.

ಇಬ್ಬನಿ ಬೀಳುವುದು ಕಾರು ಆಕಾಶಕ್ಕೆ ಮೈಯೊಡ್ಡಿ ನಿಂತಾಗ. ರಾತ್ರಿ ಕಾರಿನ ತಗಡು ತನ್ನ ಕಾವನ್ನು ಬರಿದಾದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಹಾಗಾಗಿಯೇ ಕಾರಿನ ಮಾಡು (ಮೇಲ್ಛಾವಣಿ), ಬಾನೆಟ್ ಒದ್ದೆಯಾದಷ್ಟು ಬಾಗಿಲು ಒದ್ದೆಯಾಗುವುದಿಲ್ಲ. ಅಡಿಕೆ ಚಪ್ಪರದ ಕೆಳಗೋ ಕೊಟ್ಟಿಗೆ ಮಾಡಿನ ಕೆಳಗೋ ನಿಲ್ಲಿಸಿದ ಕಾರು ಬೆಳಿಗ್ಗೆ ಒಣಗಿಯೇ ಇರುತ್ತದೆ. ಅಂಥ ಕಾರಿನ ಧೂಳು ನೆನೆದಿರುವುದಿಲ್ಲ, ಅದಕ್ಕೆ ನೀರು ಹೆಚ್ಚು ಬೇಕು. ಇನ್ನು ಬಟ್ಟೆಯ ಕವರ್ ಹೊದಿಸುವವರಿಗೆ ಒಂದು ಮಾತು: ಕೊಳೆಯಾದ ಕಾರಿಗೆ ಕವರ್ ಹಾಕಬೇಡಿ. ಗಾಳಿಗೆ ಕವರ್ ಅಲ್ಲಾಡಿದಷ್ಟೂ ಒಳಗಿನ ಧೂಳು ಬಣ್ಣ ಕೆರೆಯುತ್ತದೆ.

ನೀರಿನ ವಿಚಾರ

ಬಾವಿ ಇರುವ ಮನೆಯವರು ಪುಣ್ಯವಂತರು. ನೆಲದಾಳದ ನೀರಿನ ಬಿಸಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಇರುವುದರಿಂದ ಚಳಿಯ ಬೆಳಿಗ್ಗೆ ಸೇದಿದ ಕೊಡದಿಂದ ಹಬೆ ಏಳುವಷ್ಟು ಬೆಚ್ಚಗಿರುತ್ತದೆ. ಅದೇ ನೀರು ರಾತ್ರಿ ಮಾಡಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಕೂತಿದ್ದರೆ ಬೆರಳು ಮರಗಟ್ಟುತ್ತವೆ. ಆದ್ದರಿಂದ ಕಾರು ತೊಳೆಯುವ ದಿನ ಟ್ಯಾಂಕಿನ ನಲ್ಲಿ ಬಿಟ್ಟು ಬಾವಿಯಿಂದಲೇ ನೇರ ತನ್ನಿ.

ಶಾಂಪೂ ಬಕೆಟ್‌ಗೆ ಮಾತ್ರ ಬಚ್ಚಲ ಹಂಡೆಯ ಬಿಸಿನೀರು ಸೇರಿಸಿಕೊಳ್ಳಿ. ಹಂಡೆಯ ನೀರು ಒಂದು ಪಾಲು, ಬಾವಿ ನೀರು ಎರಡು ಪಾಲು ಬೆರೆಸಿದರೆ ಮಗುವಿಗೆ ಸ್ನಾನ ಮಾಡಿಸುವ ಹದ ಬರುತ್ತದೆ, ಸುಮಾರು 35 ಡಿಗ್ರಿ. ಇಷ್ಟು ಸಾಕು. ಉಗುರುಬೆಚ್ಚಗಿನ ನೀರಲ್ಲಿ ಶಾಂಪೂ ಚೆನ್ನಾಗಿ ಕರಗುತ್ತದೆ, ಲಾರಿಯ ಹಿಂದೆ ಬಂದು ಹತ್ತಿದ ಎಣ್ಣೆಹೊಗೆಯ ಜಿಡ್ಡು ಬಿಡುತ್ತದೆ, ನಿಮ್ಮ ಕೈಯೂ ನಿಮ್ಮದಾಗಿರುತ್ತದೆ. ಗಾಜಿನ ಮಂಜು ಬೇಗ ಹೋಗಲಿ ಅಂತ ಹಂಡೆಯ ಕುದಿನೀರನ್ನು ಚೊಂಬಿನಲ್ಲಿ ಮುಂದಿನ ಗಾಜಿಗೆ ಎರಚುವವರಿದ್ದಾರೆ. ಖಂಡಿತ ಬೇಡ. ಸಾಗರ ರಸ್ತೆಯಲ್ಲೋ ಆಯನೂರಿನ ಹತ್ತಿರವೋ ಟಿಪ್ಪರ್ ಚಕ್ರದಿಂದ ಸಿಡಿದ ಕಲ್ಲು ಗಾಜಿನಲ್ಲಿ ಸಾಸಿವೆ ಗಾತ್ರದ ಗಾಯ ಮಾಡಿದ್ದರೂ ಸರಿ, ತಣ್ಣನೆ ಗಾಜಿಗೆ ಒಮ್ಮೆಲೇ ಬಿಸಿ ತಗುಲಿದಾಗ ಆ ಗಾಯದಿಂದ ಬಿರುಕು ಓಡುತ್ತದೆ. ನಮ್ಮಲ್ಲಿ 15 ಡಿಗ್ರಿಗೇ ಈ ಅಪಾಯ ಇದೆ, ಹಿಮ ಬೀಳುವ ಊರು ಬೇಕಾಗಿಲ್ಲ.

ಬೋರ್‌ವೆಲ್ ನೀರು ಮಾತ್ರ ಇರುವವರು ಒಂದು ಪರೀಕ್ಷೆ ಮಾಡಿ. ಬಿಳಿ ಬಕೆಟ್‌ನಲ್ಲಿ ರಾತ್ರಿ ನೀರು ಹಿಡಿದಿಡಿ. ಬೆಳಿಗ್ಗೆ ತಳದಲ್ಲಿ ಕಿತ್ತಳೆ ಬಣ್ಣದ ಗಸಿ ಕೂತಿದ್ದರೆ ಕಬ್ಬಿಣದ ಅಂಶ ಇದೆ. ಬಕೆಟ್ ಅಂಚಿನಲ್ಲಿ ಬಿಳಿ ಗೆರೆ ಕಟ್ಟಿದ್ದರೆ ಸುಣ್ಣದ ಅಂಶ ಇದೆ. ಎರಡೂ ಕಾರಿನ ಮೇಲೆ ಒಣಗಿದರೆ ಚುಕ್ಕೆ ಬಿಡುತ್ತವೆ. ಅಂಥ ನೀರನ್ನು ಕೊಳೆ ಇಳಿಸಲು ಬಳಸಿ. ಕೊನೆಯ ಒಂದು ಬಕೆಟ್ ಮಾತ್ರ ಒಳ್ಳೆ ನೀರಾಗಿರಲಿ.

ಎಷ್ಟು ನೀರು? ಪೈಪ್ ಬಿಟ್ಟು ಹತ್ತು ನಿಮಿಷ ಮಾತಾಡುತ್ತ ನಿಂತರೆ ನೂರು ಲೀಟರಿಗೂ ಹೆಚ್ಚು ಹೋಗುತ್ತದೆ. ಬಕೆಟ್‌ನಲ್ಲಾದರೆ ನಾಲ್ಕೈದು ಬಕೆಟ್, ಅಂದರೆ 70–80 ಲೀಟರಿಗೆ ಮಧ್ಯಮ ಗಾತ್ರದ ಕಾರು ಮುಗಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ನಮಗೆ ಆ ಗತಿ ಬಂದಿಲ್ಲ, ಆದರೆ ಮಾರ್ಚ್ ಕಳೆದ ಮೇಲೆ ಇಲ್ಲಿಯ ಬಾವಿಗಳೂ ತಳ ತೋರಿಸುತ್ತವೆ.

ಕಾರನ್ನು ಹೊಳೆಗೆ ಇಳಿಸಿ ತೊಳೆಯುವ ಚಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಂಗೆಯಲ್ಲಿ ಟ್ರ್ಯಾಕ್ಟರ್, ಜೀಪು ನಿಲ್ಲಿಸಿ ಸೋಪು ಉಜ್ಜುವ ಜಾಗಗಳು ಎಲ್ಲರಿಗೂ ಗೊತ್ತು. ಅದೇ ತುಂಗೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುದ್ದೆಯ ಮೀನುಗಳೂ ಇವೆ, ಶಿವಮೊಗ್ಗದವರು ಕುಡಿಯುವುದೂ ಅದೇ ನೀರು. ಎಣ್ಣೆ, ಸೋಪು ಅಂಗಳದ ಮಣ್ಣಿನಲ್ಲೇ ಇಂಗಲಿ. ಅಂಗಳದಲ್ಲೂ ಬಾವಿಕಟ್ಟೆಯಿಂದ ದೂರ ನಿಲ್ಲಿಸಿ.

ಏನೇನು ಬೇಕು

ಬಕೆಟ್ ಎರಡು, ಚೊಂಬು ಒಂದು, ಕಾರ್ ಶಾಂಪೂ, ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ನಾಲ್ಕು, ಚಕ್ರಕ್ಕೆ ಬೇರೆಯದೇ ಒಂದು ಬ್ರಷ್ ಮತ್ತು ಹಳೆ ಬಟ್ಟೆ, ಹಲ್ಲುಜ್ಜಿ ಬಿಟ್ಟ ಬ್ರಷ್, ಹಿಡಿಸೂಡಿಯ ಒಂದೆರಡು ಕಡ್ಡಿ. ಇದಿಷ್ಟರ ಆಚೆ ಅಂಗಡಿಯವರು ತೋರಿಸುವ ಸಾಮಾನುಗಳಿಗೆ ದುಡ್ಡು ಹಾಕುವ ಮೊದಲು ಒಂದು ರಾತ್ರಿ ಮಲಗಿ ಯೋಚಿಸಿ.

ಪಾತ್ರೆ ತೊಳೆಯುವ ಸೋಪಿನ ನೀರು ಕಾರಿಗೆ ಬೇಡ. ಅದು ಜಿಡ್ಡು ತೆಗೆಯುವುದಕ್ಕೇ ಇರುವುದು. ಬಣ್ಣದ ಮೇಲಿನ ವ್ಯಾಕ್ಸ್ ಅದರ ಪಾಲಿಗೆ ಇನ್ನೊಂದು ಜಿಡ್ಡು. ಒಂದೆರಡು ಸಲಕ್ಕೇ ಎಬ್ಬಿಸಿಬಿಡುತ್ತದೆ. ಬಟ್ಟೆ ಒಗೆಯುವ ಪುಡಿ ಇನ್ನೂ ಕೆಟ್ಟದ್ದು, ಅದರ ಕ್ಷಾರಕ್ಕೆ ಬಣ್ಣ ಮಂಕಾಗುತ್ತದೆ, ರಬ್ಬರ್ ಬಿಳಿಚಿಕೊಳ್ಳುತ್ತದೆ. ಕತ್ತದ ಗುಂಜಂತೂ ಚಕ್ರದ ಹತ್ತಿರವೂ ಬೇಡ. ಹಳೇ ಪಂಚೆ ಮೆತ್ತಗಿರುತ್ತದಲ್ಲ ಎನ್ನುವವರಿಗೆ: ಪಂಚೆಯ ನೂಲು ಮೆತ್ತಗಿದ್ದರೂ ಅದು ಕೊಳೆಯನ್ನು ತನ್ನೊಳಗೆ ಎಳೆದುಕೊಳ್ಳುವುದಿಲ್ಲ, ಮೇಲ್ಮೈಯಲ್ಲೇ ಹೊತ್ತುಕೊಂಡು ತಿಕ್ಕುತ್ತದೆ. ಜರಿ ಅಂಚಿನ ಪಂಚೆಯಾದರೆ ಕೇಳುವುದೇ ಬೇಡ.

ತೋಟವಿರುವ ಮನೆಗಳಲ್ಲಿ ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರ್ ಇದ್ದೇ ಇರುತ್ತದೆ. ಕಾರಿನ ಕೊಳೆ ಇಳಿಸಲು ಅದರಷ್ಟು ಒಳ್ಳೆ ಸಾಧನ ಇಲ್ಲ. ಒಂದು ಟ್ಯಾಂಕ್ ನೀರಲ್ಲಿ ಇಡೀ ಕಾರು ನೆನೆಸಬಹುದು. ಆದರೆ ಮೈಲುತುತ್ತ, ಕಳೆನಾಶಕ ಹೊಡೆದ ಸ್ಪ್ರೇಯರ್ ಆಗಿರಬಾರದು. ಎಷ್ಟು ತೊಳೆದರೂ ಪೈಪಿನಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಇದಕ್ಕೇ ಅಂತ ಬೇರೆ ಇಟ್ಟುಕೊಂಡರೆ ಮಾತ್ರ ಸರಿ.

ಎರಡನೇ ಬಕೆಟ್ ಯಾಕೆಂದರೆ, ಕಾರಿನ ಮೈ ಉಜ್ಜಿದ ಬಟ್ಟೆಯನ್ನು ನೇರ ಶಾಂಪೂ ಬಕೆಟ್‌ಗೆ ಅದ್ದಿದರೆ ಕೊಳೆಯೂ ಅಲ್ಲಿಗೇ ಹೋಗುತ್ತದೆ, ಮತ್ತೆ ಅದನ್ನೇ ಕಾರಿಗೆ ಬಳಿಯುತ್ತೀರಿ. ಪ್ರತಿ ಸಲವೂ ಮೊದಲು ಬರೀ ನೀರಿನ ಬಕೆಟ್‌ನಲ್ಲಿ ಜಾಲಾಡಿ, ಹಿಂಡಿ, ಆಮೇಲೆ ಶಾಂಪೂ ಬಕೆಟ್‌ಗೆ ಅದ್ದಿ. ಬರೀ ನೀರಿನ ಬಕೆಟ್ ತಳದಲ್ಲಿ ತರಕಾರಿ ತೊಳೆಯುವ ತೂತಿನ ಬುಟ್ಟಿಯೊಂದನ್ನು ಬೋರಲು ಹಾಕಿದರೆ ಮರಳು ಅದರಡಿ ಕೂರುತ್ತದೆ, ಬಟ್ಟೆಗೆ ಮತ್ತೆ ಹತ್ತುವುದಿಲ್ಲ.

ತೊಳೆಯುವ ಕ್ರಮ

ಮೊದಲು ಚಕ್ರ. ಬಹಳ ಜನ ಇದನ್ನು ಕೊನೆಗೆ ಇಟ್ಟುಕೊಂಡು, ತೊಳೆದ ಬಾಗಿಲಿಗೇ ಮತ್ತೆ ಕೆಸರು ಸಿಡಿಸಿಕೊಳ್ಳುತ್ತಾರೆ. ಆಗುಂಬೆ ಘಾಟಿಯೋ ಹುಲಿಕಲ್ ಘಾಟಿಯೋ ಇಳಿದು ಹತ್ತಿ ಆಗ ತಾನೇ ಬಂದಿದ್ದರೆ ಚಕ್ರಕ್ಕೆ ಕೈ ಹಾಕಬೇಡಿ, ಅರ್ಧ ಮುಕ್ಕಾಲು ಗಂಟೆ ಬಿಡಿ. ಕಾದ ಬ್ರೇಕ್ ಡಿಸ್ಕ್ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಸಾಧ್ಯತೆ ಇದೆ. ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಪೆಡಲ್ ನಡುಗುತ್ತದೆ. ತಣ್ಣಗಾದ ಮೇಲೆ ಮಡ್‌ಗಾರ್ಡ್ ಒಳಗೆ ಕೈ ಹಾಕಿ ನೋಡಿ. ಮಳೆಗಾಲದಲ್ಲಿ ಮೆತ್ತಿದ ಮಣ್ಣು ಅಲ್ಲಿ ಇಟ್ಟಿಗೆಯಾಗಿ ಕೂತಿರುತ್ತದೆ. ಅದನ್ನು ಕೀಳಲು ಹೋಗಬೇಡಿ, ನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಟ್ಟರೆ ತಾನೇ ಉದುರುತ್ತದೆ. ಚಳಿಗಾಲಕ್ಕೆ ಈ ಒಂದು ಕೆಲಸ ಮಾಡಿದರೂ ಸಾಕು, ತಳದ ತುಕ್ಕು ಅರ್ಧ ತಪ್ಪಿತು.

ಆಮೇಲೆ ಇಡೀ ಕಾರಿಗೆ ಬರೀ ನೀರು. ಮಾಡಿನಿಂದ ಕೆಳಗೆ. ಇಲ್ಲಿ ಕೈಯಾಗಲಿ ಬಟ್ಟೆಯಾಗಲಿ ಕಾರಿಗೆ ತಾಗಬಾರದು. ಚೊಂಬಿನಿಂದ ಎರಚುವುದಕ್ಕಿಂತ ಮೇಲಂಚಿನಿಂದ ನಿಧಾನ ಹೊಯ್ದರೆ ನೀರು ಹಾಳೆಯಂತೆ ಹರಿದು ಕೊಳೆಯನ್ನು ಎಳೆದುಕೊಂಡು ಹೋಗುತ್ತದೆ. ಕೆಂಪು ನೀರು ಇಳಿಯುವುದು ನಿಂತು ತಿಳಿನೀರು ಇಳಿಯುವವರೆಗೆ ಹೊಯ್ಯಿರಿ. ಬೆಳಗಿನ ಇಬ್ಬನಿಯ ಉಪಕಾರ ಗೊತ್ತಾಗುವುದು ಇಲ್ಲೇ.

ಈಗ ಶಾಂಪೂ. ಬಾಟಲಿ ಮೇಲೆ ಹೇಳಿದಷ್ಟೇ ಹಾಕಿ. ನೊರೆ ಹೆಚ್ಚಾದರೆ ಶುದ್ಧಿ ಹೆಚ್ಚಾಗುವುದಿಲ್ಲ, ತೊಳೆಯಲು ನೀರು ಹೆಚ್ಚು ಬೇಕಾಗುತ್ತದೆ. ಮಾಡು, ಗಾಜುಗಳು, ಬಾನೆಟ್, ಡಿಕ್ಕಿ, ಬಾಗಿಲ ಮೇಲರ್ಧ, ಕೊನೆಗೆ ಬಾಗಿಲ ಕೆಳಭಾಗ ಮತ್ತು ಬಂಪರ್. ಒಂದೊಂದೇ ಭಾಗ ಉಜ್ಜಿ, ಅದನ್ನು ತೊಳೆದು, ಮುಂದಕ್ಕೆ ಹೋಗಿ. ಬಟ್ಟೆಯನ್ನು ಸುತ್ತು ತಿರುಗಿಸಬೇಡಿ, ನೇರ ಗೆರೆಯಲ್ಲಿ ಎಳೆಯಿರಿ, ಮೈಗೆ ಒತ್ತಬೇಡಿ. ಬಟ್ಟೆ ಕೈತಪ್ಪಿ ಅಂಗಳಕ್ಕೆ ಬಿತ್ತೋ, ಅದರ ಕೆಲಸ ಅವತ್ತಿಗೆ ಮುಗಿಯಿತು. ಜಾಲಾಡಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. ಎಳೆಯ ಸಂದಿಗೆ ಹೊಕ್ಕ ಮರಳು ಬಿಡುವುದಿಲ್ಲ. ಅದಕ್ಕೇ ನಾಲ್ಕು ಬಟ್ಟೆ ಅಂದಿದ್ದು.

ಎಂಜಿನ್ ಮೇಲೆ ನೀರು ಬೇಡ. ಈಗಿನ ಕಾರುಗಳಲ್ಲಿ ಅಲ್ಲಿ ಇರುವುದೆಲ್ಲ ವೈರು, ಸೆನ್ಸರು. ಬಾನೆಟ್ ಎತ್ತಿ ದರಗು (ಒಣಗಿದ ಎಲೆ), ಕಡ್ಡಿ ಆರಿಸಿ ತೆಗೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಆದರೆ ಬಾನೆಟ್ ಎತ್ತುವುದನ್ನು ಮರೆಯಬೇಡಿ. ಚಳಿಗೆ ಇಲಿಗಳು ಬೆಚ್ಚನೆ ಜಾಗ ಹುಡುಕಿಕೊಂಡು ಬರುತ್ತವೆ. ಅಡಿಕೆ ಸಿಪ್ಪೆಯ ನಾರು, ಚಿಂದಿ ಬಟ್ಟೆ ಅಲ್ಲಿ ಕಂಡರೆ ಗೂಡು ಶುರುವಾಗಿದೆ ಅಂತಲೇ ಅರ್ಥ. ವೈಪರ್ ಕೆಳಗಿನ ಜಾಲರಿಯಲ್ಲಿ ಕೂತ ಎಲೆಗಳನ್ನೂ ಆಗಲೇ ತೆಗೆದುಬಿಡಿ. ಅಲ್ಲಿ ಎಲೆ ಕೊಳೆತರೆ ಮುಂದಿನ ಮಳೆಗಾಲದಲ್ಲಿ ನೀರು ಕಾಲಡಿ ಬರುತ್ತದೆ.

ಪಾಚಿ, ಚೊಗರು, ಸುಣ್ಣದ ಚುಕ್ಕೆ

ಬಯಲುಸೀಮೆಯವರು ಬರೆದ ಕಾರು ತೊಳೆಯುವ ಪಾಠಗಳಲ್ಲಿ ಇವು ಯಾವುವೂ ಇರುವುದಿಲ್ಲ.

ನಾಲ್ಕು ತಿಂಗಳ ಮಳೆ ಕಂಡ ಮಲೆನಾಡಿನ ಕಾರಿನ ಕಿಟಕಿ ಗಾಜು ಇಳಿಸಿ, ಗಾಜು ಕೂರುವ ರಬ್ಬರ್ ಪಟ್ಟಿಯನ್ನು ಹತ್ತಿರದಿಂದ ನೋಡಿ. ಹಸಿರು ಪಾಚಿಯ ತೆಳ್ಳನೆ ಪದರ ಇರುತ್ತದೆ, ಹಿಂದಿನ ಕಿಟಕಿಯ ಮೂಲೆಯಲ್ಲಂತೂ ಪುಟ್ಟ ಹಾವಸೆ ಗಿಡವೇ ಚಿಗುರಿರುತ್ತದೆ. ಚಳಿಗಾಲದಲ್ಲಿ ಇದು ಸತ್ತಂತೆ ಕಂಡರೂ ಇಬ್ಬನಿ ಕುಡಿದು ಜೀವ ಹಿಡಿದಿರುತ್ತದೆ. ಹಲ್ಲುಜ್ಜುವ ಬ್ರಷ್ಷಿಗೆ ಶಾಂಪೂ ನೀರು ಹಚ್ಚಿ ಪಟ್ಟಿಯ ಉದ್ದಕ್ಕೂ ಉಜ್ಜಿ, ಹಳೆ ಬಟ್ಟೆಯ ತುದಿ ಬೆರಳಿಗೆ ಸುತ್ತಿಕೊಂಡು ಒರೆಸಿ. ಸಂದಿಯಲ್ಲಿ ಉಳಿದದ್ದನ್ನು ಹಿಡಿಸೂಡಿ ಕಡ್ಡಿಯಿಂದ ಎಬ್ಬಿಸಿ. ಮೊಳೆ, ಸ್ಕ್ರೂಡ್ರೈವರ್ ಬೇಡ.

ಕಡ್ಡಿ ಕೈಯಲ್ಲಿರುವಾಗಲೇ ನಾಲ್ಕೂ ಬಾಗಿಲ ತಳದಂಚು ತಡವಿ ನೋಡಿ. ಒಳಗೆ ಇಳಿದ ನೀರು ಹೊರಗೆ ಹೋಗಲು ಸಣ್ಣ ತೂತುಗಳಿವೆ. ಕೆಂಪು ಮಣ್ಣು ಅವನ್ನು ಮುಚ್ಚಿಬಿಟ್ಟಿರುತ್ತದೆ. ಕಡ್ಡಿ ಆಡಿಸಿದಾಗ ಕೆಲವೊಮ್ಮೆ ಮಳೆಗಾಲದ ನೀರು ಈಗ ಸುರಿಯುವುದುಂಟು. ಬಾಗಿಲು ಕೆಳಗಿನಿಂದ ಕೊಳೆಯುವುದು ಈ ತೂತು ಮುಚ್ಚಿದ್ದರಿಂದಲೇ ಹೊರತು ಕಂಪನಿಯವರ ತಗಡು ತೆಳ್ಳಗಾಗಿದ್ದರಿಂದ ಅಲ್ಲ.

ಚಳಿಗಾಲ ಅಂದರೆ ಅಡಿಕೆ ಕೊಯ್ಲು. ಅಡಿಕೆ ಗೊನೆ ಹೊತ್ತು, ಮೂಟೆ ತುಂಬಿ, ಮಂಡಿಗೆ ಓಡಾಡುವ ಕಾರಿನಲ್ಲಿ ಚೊಗರಿನ, ಅಂದರೆ ಅಡಿಕೆಯ ಒಗರು ರಸದ, ಕಲೆ ಇಲ್ಲದೆ ಇರಲು ಸಾಧ್ಯವಿಲ್ಲ. ಹಸಿ ಇರುವಾಗಲೇ ಶಾಂಪೂ ನೀರಲ್ಲಿ ಒರೆಸಿದರೆ ಬಣ್ಣದ ಮೇಲಿಂದ ಹೋಗುತ್ತದೆ. ಒಣಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಕಲೆ ಮೇಲೆ ಐದು ನಿಮಿಷ ಹಾಸಿ ಬಿಡಿ, ಆಮೇಲೆ ಒರೆಸಿ. ಚೊಗರಿನಲ್ಲಿರುವ ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ; ಡಿಕ್ಕಿಯ ಬಿಜಾಗರಿ, ಸ್ಕ್ರೂ ಸುತ್ತ ಕಲೆ ಕಪ್ಪಗಿರುವುದು ಅದಕ್ಕೇ. ಅಲ್ಲಿ ಬಣ್ಣ ಎದ್ದು ತಗಡು ಕಾಣುತ್ತಿದೆಯೋ ಅಂತ ಒಮ್ಮೆ ನೋಡಿಕೊಳ್ಳಿ. ಸೀಟಿನ ಬಟ್ಟೆಗೆ ಹತ್ತಿದ ಚೊಗರು ಮಾತ್ರ, ಲುಂಗಿಗೆ ಹತ್ತಿದ ಚೊಗರಿನಂತೆ, ನಿಮ್ಮ ಜೊತೆಯೇ ಇರುತ್ತದೆ. ಕೊಯ್ಲು ಮುಗಿಯುವವರೆಗೆ ಡಿಕ್ಕಿಗೆ ಟಾರ್ಪಾಲು, ಸೀಟಿಗೆ ಹಳೆ ಕಂಬಳಿ ಹಾಸುವುದೇ ಜಾಣತನ.

ಇನ್ನೊಂದು, ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಚುಕ್ಕೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಅಂತ ಮಳೆಗಾಲದಲ್ಲಿ ಹೊಡೆದಿರುತ್ತೀರಿ. ತೋಟದಂಚಲ್ಲಿ ನಿಂತ ಕಾರಿನ ಮೇಲೂ ಅದು ಬಿದ್ದಿರುತ್ತದೆ. ಸುಣ್ಣವಾದ್ದರಿಂದ ಶಾಂಪೂಗೆ ಜಗ್ಗುವುದಿಲ್ಲ. ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಇಟ್ಟು, ಮೆಲ್ಲಗೆ ಒರೆಸಿ, ಕೂಡಲೇ ಧಾರಾಳ ನೀರು ಹಾಕಿ ತೊಳೆಯಿರಿ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಬೋರ್‌ವೆಲ್ ನೀರಿನ ಸುಣ್ಣದ ಚುಕ್ಕೆಗೂ ಇದೇ ವಿನೆಗರ್ ನೀರು ಸಾಕು.

ಒರೆಸಿ ಒಣಗಿಸುವುದು

ತೊಳೆದದ್ದು ಅರ್ಧ ಕೆಲಸ. ಬಿಸಿಲಿದೆ, ತಾನೇ ಆರುತ್ತದೆ ಅಂತ ಬಿಟ್ಟರೆ ಚುಕ್ಕೆ ಗ್ಯಾರಂಟಿ. ದೊಡ್ಡ ಮೈಕ್ರೋಫೈಬರ್ ಬಟ್ಟೆಯನ್ನು ಬಿಡಿಸಿ ಮಾಡಿನ ಮೇಲೆ ಹಾಸಿ, ಎರಡು ತುದಿ ಹಿಡಿದು ನಿಮ್ಮತ್ತ ಎಳೆದುಕೊಳ್ಳಿ. ತಿಕ್ಕುವ ಅಗತ್ಯವೇ ಇಲ್ಲ, ಬಟ್ಟೆಯೇ ನೀರು ಕುಡಿಯುತ್ತದೆ. ಗಾಜಿಗೆ ಬೇರೆ ಬಟ್ಟೆ.

ಮೈ ಆದ ಮೇಲೆ ನಾಲ್ಕೂ ಬಾಗಿಲು, ಡಿಕ್ಕಿ ತೆಗೆದಿಟ್ಟು ಚೌಕಟ್ಟಿನ ಸುತ್ತ, ಬಿಜಾಗರಿ, ಪೆಟ್ರೋಲ್ ಮುಚ್ಚಳದ ಒಳಗೆ ಒರೆಸಿ. ಕನ್ನಡಿಯ ಹಿಂದಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಎರಡು ಸಲ ಒರೆಸಬೇಕಾದೀತು. ಬಾಗಿಲು ತೆರೆದೇ ಅರ್ಧ ಗಂಟೆ ಬಿಸಿಲಿಗೆ ಬಿಡಿ. ಮನೆಯಲ್ಲಿ ಬೆಕ್ಕಿದ್ದರೆ ಬಾಗಿಲು ಹಾಕುವ ಮೊದಲು ಹಿಂದಿನ ಸೀಟು ನೋಡಿಕೊಳ್ಳುವುದು ಒಳ್ಳೆಯದು.

ಆಮೇಲೆ ಒಂದು ಸುತ್ತು ಹೋಗಿ ಬನ್ನಿ, ಹಾಲು ತರುವ ನೆಪದಲ್ಲಾದರೂ. ನಿಧಾನ ವೇಗದಲ್ಲಿ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ. ಡಿಸ್ಕ್ ಮೇಲಿನ ತೇವ ಆರುತ್ತದೆ. ತೊಳೆದು ಹಾಗೇ ಹ್ಯಾಂಡ್‌ಬ್ರೇಕ್ ಎಳೆದು ಎರಡು ದಿನ ನಿಲ್ಲಿಸಿದರೆ ಹಿಂದಿನ ಚಕ್ರದ ಬ್ರೇಕ್ ತುಕ್ಕಿಗೆ ಕಚ್ಚಿಕೊಂಡು ‘ಟಕ್’ ಅಂತ ಬಿಡುವುದನ್ನು ಬಹಳ ಜನ ಕೇಳಿರುತ್ತೀರಿ. ಸಮತಟ್ಟು ಜಾಗವಾದರೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಇಳಿಜಾರು ಅಂಗಳದವರು ಹ್ಯಾಂಡ್‌ಬ್ರೇಕ್ ಹಾಕಲೇಬೇಕು. ಅಂಥವರು ಆ ಸುತ್ತು ತಪ್ಪಿಸಬಾರದು.

ನೀರು ಹೆಪ್ಪುಗಟ್ಟುವ ಊರಿನಲ್ಲಿರುವವರಿಗೆ

ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಟೊರಾಂಟೊ, ಶಿಕಾಗೊದಲ್ಲಿದ್ದಾರೆ. ಇಲ್ಲಿಂದಲೇ ಕಾರು ತಗೊಂಡು ಮನಾಲಿ, ಲೇಹ್ ಕಡೆ ಹೋಗಿ ಬರುವವರೂ ಹೆಚ್ಚಿದ್ದಾರೆ. ಲೇಹ್‌ನಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 10 ಡಿಗ್ರಿಗೂ ಕೆಳಗೆ ಹೋಗುತ್ತದೆ. ಅಲ್ಲಿ ಮೇಲೆ ಹೇಳಿದ ಕ್ರಮವೇ ನಡೆಯುತ್ತದೆ, ಲೆಕ್ಕ ಮಾತ್ರ ಬೇರೆ.

ಬಯಲಲ್ಲಿ ತೊಳೆಯುವುದಾದರೆ ಮಧ್ಯಾಹ್ನದ ಉಷ್ಣಾಂಶ 4–5 ಡಿಗ್ರಿಯಾದರೂ ಇರುವ ಬಿಸಿಲಿನ ದಿನಕ್ಕೆ ಕಾಯಿರಿ. ಸೊನ್ನೆಗಿಂತ ಕೆಳಗಿದ್ದರೆ ಹೊಯ್ದ ನೀರು ಕಾರಿನ ಮೇಲೇ ಗಾಜಾಗುತ್ತದೆ, ಹರಿದ ನೀರು ನಿಮ್ಮ ಕಾಲಡಿ ಮಂಜುಗಡ್ಡೆಯಾಗಿ ನಿಮ್ಮನ್ನೇ ಬೀಳಿಸುತ್ತದೆ. ಗ್ಯಾರೇಜ್ ಇದ್ದವರು ಒಳಗೆ ತೊಳೆಯಬಹುದು. ಹಚ್ಚಿದ ಮೇಲೆ ನೀರು ಹಾಕಿ ತೊಳೆಯುವ ಅಗತ್ಯವಿಲ್ಲದ ಶಾಂಪೂ ಸಿಗುತ್ತದೆ: ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಹಾಕಿ, ಒಂದೊಂದೇ ಭಾಗ ಒರೆಸಿ ಕೂಡಲೇ ಒಣಬಟ್ಟೆ ಹಾಕುವುದು. ಚಳಿದೇಶಕ್ಕೆ ಇದೇ ಸರಿ. ಆದರೆ ದಪ್ಪ ಕೆಸರಿನ ಮೇಲೆ ಇದನ್ನು ಬಳಸಬೇಡಿ, ಮತ್ತೆ ಬೈರಾಸದ ಕತೆಯೇ ಆಗುತ್ತದೆ.

ಅಲ್ಲಿನ ನಿಜವಾದ ವೈರಿ ರಸ್ತೆಗೆ ಹಾಕುವ ಉಪ್ಪು. ಉಪ್ಪು ಬೆರೆತ ನೀರು ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟುವುದಿಲ್ಲ ಅಂತ ಅದನ್ನು ಹಾಕುತ್ತಾರೆ. ಕಾರಿನ ತಳಕ್ಕೆ ಅಂಟಿದ ಮೇಲೆ ಅದು ತುಕ್ಕನ್ನು ಕರೆಯುತ್ತದೆ. ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನ. ಹವೆ ಸ್ವಲ್ಪ ಬೆಚ್ಚಗಾಗಿ ಉಪ್ಪು ಒದ್ದೆಯಾದಾಗ ಚುರುಕಾಗುತ್ತದೆ. ಹಾಗಾಗಿ ಹಿಮ ಕರಗುವ ದಿನವೇ ತಳ ತೊಳೆಸಬೇಕು. ಇದು ಬಕೆಟ್ಟಿನ ಕೆಲಸವಲ್ಲ, ಕೆಳಗಿನಿಂದ ನೀರು ಚಿಮ್ಮುವ ವಾಷಿಂಗ್ ಸೆಂಟರ್‌ಗೆ ಹೋಗಿ. ಮೈಯನ್ನು ಬೇಕಾದರೆ ಮನೆಯಲ್ಲಿ ಮಾಡಿಕೊಳ್ಳಿ.

ಒಣಗಿಸುವುದು ಅಲ್ಲಿ ಅಂದದ ಮಾತಲ್ಲ, ಬಾಗಿಲು ತೆರೆಯುವ ಮಾತು. ರಬ್ಬರ್ ಬೀಡಿಂಗ್‌ನಲ್ಲಿ ನೀರು ಉಳಿದರೆ ರಾತ್ರಿ ಬಾಗಿಲು ಚೌಕಟ್ಟಿಗೆ ಹೆಪ್ಪುಗಟ್ಟಿ ಕೂರುತ್ತದೆ. ಜಗ್ಗಿದರೆ ರಬ್ಬರ್ ಕಿತ್ತು ಬರುತ್ತದೆ. ಪೂರ್ತಿ ಒರೆಸಿ, ರಬ್ಬರಿಗೆ ಸಿಲಿಕೋನ್ ಸ್ಪ್ರೇ ತೆಳ್ಳಗೆ ಹಚ್ಚಿ. ಬೀಗದ ತೂತಿಗೆ ನೀರು ಬೀಳದಂತೆ ಟೇಪ್ ಅಂಟಿಸಿಕೊಂಡು ತೊಳೆಯಬಹುದು. ವೈಪರ್ ಎತ್ತಿಡಿ. ಗಾಜು ತೊಳೆಯುವ ನೀರಿನ ಟ್ಯಾಂಕಿನಲ್ಲಿ ಬರೀ ನೀರು ಇದ್ದರೆ ಅದು ಒಳಗೇ ಗಟ್ಟಿಯಾಗಿ ಪಂಪ್ ಒಡೆಯಬಹುದು. ದಕ್ಷಿಣದಿಂದ ಹೋಗುವವರು ಮರೆಯುವುದು ಇದನ್ನೇ, ದಾರಿಯಲ್ಲೇ ಚಳಿಗೆ ಹೆಪ್ಪುಗಟ್ಟದ ದ್ರಾವಣ ತುಂಬಿಸಿಕೊಳ್ಳಿ. ತೊಳೆದ ಮೇಲೆ ಬ್ರೇಕ್ ಆರಿಸುವ ಸುತ್ತು ಅಲ್ಲಿ ಕಡ್ಡಾಯ. ಹ್ಯಾಂಡ್‌ಬ್ರೇಕ್ ಒಳಗೆ ನೀರು ಹೆಪ್ಪುಗಟ್ಟಿದರೆ ಕಾರು ಕದಲುವುದೇ ಇಲ್ಲ.

ವ್ಯಾಕ್ಸ್, ಮ್ಯಾಟ್, ಬಟ್ಟೆ

ವ್ಯಾಕ್ಸ್ ಹಾಕಲು ನಮ್ಮ ಚಳಿಗಾಲ ಹೇಳಿ ಮಾಡಿಸಿದ ಕಾಲ. ಮಳೆ ಇಲ್ಲ, ತಗಡು ಕಾದಿರುವುದಿಲ್ಲ. ಕಾರು ಪೂರ್ತಿ ಒಣಗಿದ ಮೇಲೆ ನೆರಳಿಗೆ ತಂದು ತೆಳ್ಳಗೆ ಒಂದು ಕೈ ಹಚ್ಚಿ, ಮಬ್ಬಾದ ಮೇಲೆ ಒರೆಸಿ ತೆಗೆಯಿರಿ. ವರ್ಷಕ್ಕೆ ಎರಡು ಸಲ ಸಾಕು: ಮಳೆ ಬಿಟ್ಟ ಮೇಲೆ ನವೆಂಬರಿನಲ್ಲಿ, ಮಳೆ ಹಿಡಿಯುವ ಮೊದಲು ಮೇನಲ್ಲಿ. ಒಂದೇ ಸಲ ಮಾಡುವುದಾದರೆ ಮೇ ತಿಂಗಳದ್ದನ್ನು ಬಿಡಬೇಡಿ.

ಒಳಗಿನ ಮ್ಯಾಟ್‌ಗಳ ಬಗ್ಗೆ ಒಂದು ಎಚ್ಚರಿಕೆ. ಮಂಗನಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. 1957ರಲ್ಲಿ ಈ ಕಾಯಿಲೆ ಮೊದಲು ಗುರುತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಸೊಪ್ಪಿಗೋ ದರಗಿಗೋ ಕಾಡಿಗೆ ಹೋಗಿ ಅದೇ ಕಾಲಲ್ಲಿ ಕಾರು ಹತ್ತಿದ್ದರೆ, ದರಗಿನ ಮೂಟೆ ಡಿಕ್ಕಿಯಲ್ಲಿ ತಂದಿದ್ದರೆ, ಮ್ಯಾಟ್‌ಗಳನ್ನು ಕಾರಿನೊಳಗೆ ಕೊಡವಬೇಡಿ. ಹೊರಗೆ ತಂದು, ರಬ್ಬರಿನದ್ದಾದರೆ ಹಂಡೆಯ ಬಿಸಿನೀರು ಹೊಯ್ದು ಉಜ್ಜಿ, ಬಿಸಿಲಿಗೆ ಹಾಕಿ. ಕೈಗೆ ಗ್ಲೌಸ್ ಇರಲಿ, ಕೆಲಸ ಮುಗಿಸಿ ಸ್ನಾನ ಮಾಡಿ, ಮೈಕೈ ನೋಡಿಕೊಳ್ಳಿ. ಹಂಡೆಯ ಬಿಸಿನೀರನ್ನು ತಣ್ಣೀರು ಬೆರೆಸದೆ ಹಾಗೇ ಹೊಯ್ಯಲು ಕಾರಿನಲ್ಲಿ ಸರಿಯಾದ ಜಾಗ ಇದೊಂದೇ.

ಕೊನೆಗೆ ಬಟ್ಟೆಗಳು. ಮೈಕ್ರೋಫೈಬರ್ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಹಾಕಬೇಡಿ, ಹತ್ತಿಯ ನಾರೆಲ್ಲ ಅದಕ್ಕೇ ಅಂಟುತ್ತದೆ. ಬಟ್ಟೆ ಮೆತ್ತಗಾಗಿಸುವ ಪರಿಮಳದ ದ್ರಾವಣವೂ ಬೇಡ, ಅದು ಹಚ್ಚಿದ ಮೇಲೆ ನೀರು ಹೀರುವುದಿಲ್ಲ. ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ. ಅಡಿಕೆ ಹರವಿದ ಅಟ್ಟದ ಹತ್ತಿರ ಮಾತ್ರ ಹಾಕಬೇಡಿ, ಸಿಪ್ಪೆಯ ನಾರು ಹಾರಿ ಬಂದು ಕೂತರೆ ಕಾರು ಗೀರುತ್ತದೆ. ಒಣಗಿದ ಮೇಲೆ ಚೀಲವೊಂದರಲ್ಲಿ ಕಟ್ಟಿ ಡಿಕ್ಕಿಯಲ್ಲೇ ಇಟ್ಟುಬಿಡಿ. ಮನೆಯೊಳಗೆ ಇಟ್ಟರೆ ಮುಂದಿನ ಭಾನುವಾರದಷ್ಟು ಹೊತ್ತಿಗೆ ಅದು ಗ್ಯಾಸ್ ಕಟ್ಟೆ ಒರೆಸುವ ಬಟ್ಟೆಯಾಗಿರುತ್ತದೆ.